ಪಡುಬಾಗಿಲಿನ ಸಿಳ್ಳೆ

ಸುರತ್ಕಲ್
೧೨-೧-೧೯೬೩

ಪ್ರಿಯ ಯಾಹ್ಯಾ,

ಲಕೋಟೆಯ ಮೇಲಿನ ಅಕ್ಷರದ ಗುರುತು ಹಿಡಿದು ಒಡೆಯದೆ ಬದಿಗಿಡಬೇಡ. ಪೂರ್ತಿ ಓದು, ಆಮೇಲೆ ಹರಿದು ಹಾಕಿದರೂ ಸರಿ.

ನಾವು ಮಾತು ಬಿಟ್ಟು ಈ ಮಾರ್ಚಿಗೆ ಆರು ವರ್ಷ. ಬಂದರಿಗೆ ಬಂದಾಗಲೆಲ್ಲ ನಿನ್ನ ಅಂಗಡಿಯ ಎದುರಿನಿಂದಲೇ ನಡೆದಿದ್ದೇನೆ. ಹಗ್ಗದ ಸುರುಳಿಗಳ, ಹಳೆಯ ಹಡಗಿನ ಸಾಮಾನುಗಳ ನಡುವೆ ನೀನು ಕುಳಿತಿರುತ್ತಿದ್ದೆ. ನೀನು ನನ್ನನ್ನು ಕಂಡದ್ದೂ ನನಗೆ ಗೊತ್ತು. ಇಬ್ಬರೂ ಕರೆಯಲಿಲ್ಲ. ಒಂದೇ ಬೆಂಚಿನಲ್ಲಿ ಎಂಟು ವರ್ಷ ಕುಳಿತವರು ನಾವು. ಎದುರಾಗಿದ್ದರೆ ತುಳುವಿನಲ್ಲಿ ಬೈದುಕೊಂಡಾದರೂ ಮುಗಿಸುತ್ತಿದ್ದೆವೇನೋ. ಕಾಗದಕ್ಕೆ ಕುಳಿತರೆ ಕನ್ನಡವೇ ಬೇಕು. ಕನ್ನಡದಲ್ಲಿ ನನಗೆ ಬೈಯಲೂ ಬರುವುದಿಲ್ಲ, ಬೈಸಿಕೊಳ್ಳಲೂ.

ಗೇರುಬೀಜ ಕಾರ್ಖಾನೆಯ ಗುಮಾಸ್ತಿಕೆ ಬಿಟ್ಟು ಎರಡು ವರ್ಷವಾಯಿತು. ಈಗ ಇಲ್ಲಿಯ ಹೊಸ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಯೋಗಶಾಲೆಯ ಸಾಮಾನು ನೋಡಿಕೊಳ್ಳುವ ಕೆಲಸ. ಕಳೆದ ಮಂಗಳವಾರ ಬಾಲಚಂದ್ರ ಎಂಬ ಎಳೆಯ ಪ್ರಾಯದ ಲೆಕ್ಚರರ್ ಗಾಳಿಯಂತ್ರ ಒಂದನ್ನು ಪರೀಕ್ಷಿಸುತ್ತಿದ್ದರು. ಅದಕ್ಕೆ ಜೋಡಿಸಲು ನನ್ನಲ್ಲಿ ಪೈಪು ಕೇಳಿದರು. ಮೂಲೆಯಲ್ಲಿದ್ದ ಒಂದು ಲೋಹದ ಸುಕ್ಕು ಪೈಪು ಕೊಟ್ಟೆ. ಜಿಂಕ್ ಶೀಟಿನ ಹಾಗೆ ಮೈಯಿಡೀ ಏಣು, ತಗ್ಗು, ಏಣು, ತಗ್ಗು. ನಿನ್ನ ಅಂಗಡಿಯಿಂದ ನಾನೇ ಮುಂದೆ ನಿಂತು ಕಾರ್ಖಾನೆಯ ಧೂಳೆಳೆಯುವ ಫ್ಯಾನಿಗೆ ಕೊಡಿಸಿದೆನಲ್ಲ, ಅದೇ ಜಾತಿಯದು.

ಅವರು ಗಾಳಿ ಬಿಟ್ಟರು. ಮೊದಲು ಏನೂ ಇಲ್ಲ. ಇನ್ನಷ್ಟು ಬಿಟ್ಟರು. ಪೈಪು ಸಿಳ್ಳೆ ಹಾಕಿತು. ಎರಡು ಸ್ವರ, ಕೆಳಗಿನದೊಂದು, ಕೂಡಲೇ ಮೇಲಿನದೊಂದು. ಬೀದಿಯ ಮೂಲೆಯಲ್ಲಿ ನಿಂತ ಗಂಡಸು ಹೆಂಗಸನ್ನು ಕಂಡು ಹಾಕುವ ಹಾಗೆ. ನನ್ನ ಕೈಯಲ್ಲಿದ್ದ ಗಾಜಿನ ಕೊಳವೆಗಳು ನೆಲಕ್ಕೆ ಬಿದ್ದವು.

ಕೆಲಸದ ಹೆಂಗಸರಿಗೆ ಸಿಳ್ಳೆ ಹಾಕುತ್ತಾನೆಂದು, ಆ ಫ್ಯಾನ್ ನಡೆಸುತ್ತಿದ್ದ ನಿನ್ನ ತಮ್ಮ ಶುಕೂರನನ್ನು ಕಾರ್ಖಾನೆಯಿಂದ ಓಡಿಸಿದೆವಲ್ಲ, ಆ ಸಿಳ್ಳೆ ಅದು, ಯಾಹ್ಯಾ. ಅವನು ಹಾಕದ ಸಿಳ್ಳೆ.

ಹೃಷೀಕೇಶ

⁂

ಬಂದರ್, ಮಂಗಳೂರು
೨-೨-೧೯೬೩

ಶ್ರೀ ಹೃಷೀಕೇಶರಿಗೆ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಉಪವಾಸದ ತಿಂಗಳು ಶುರುವಾದ್ದರಿಂದ ಉತ್ತರಿಸುವುದು ತಡವಾಯಿತು ಎಂದು ಬರೆಯಬಹುದು, ಆದರೆ ಕಾರಣ ಅದಲ್ಲ.

ಮನಸ್ಸಿನ ಭಾರ ಇಳಿಸಿಕೊಳ್ಳಲು ಬರೆದದ್ದಾದರೆ ಇಳಿಯಿತು ಎಂದು ತಿಳಿಯಿರಿ. ನಿಜವಾಗಿ ಏನಾದರೂ ಗೊತ್ತಿದ್ದು ಬರೆದದ್ದಾದರೆ ನನಗೆ ಎರಡು ಪ್ರಶ್ನೆ ಉಂಟು. ಆಗ ಫ್ಯಾನ್ ನಡೆಸಿ ನೋಡಿದೆವು, ಯಾವ ಸದ್ದೂ ಬರಲಿಲ್ಲ ಎಂದು ವಿಚಾರಣೆಯ ವರದಿಯಲ್ಲಿ ನೀವೇ ಬರೆದಿದ್ದೀರಿ. ಶುಕೂರ್ ಹೋದ ವಾರದಿಂದ ಸಿಳ್ಳೆ ನಿಂತುಹೋಯಿತು ಎಂದು ಕಾರ್ಖಾನೆಯಿರುವ ಇಡೀ ಕುದ್ರೋಳಿ ಹೇಳಿತು. ಪೈಪು ಈಗಲೂ ಅಲ್ಲೇ ಉಂಟು. ಪೈಪೇ ಕೂಗಿದ್ದಾದರೆ ಅವನು ಹೋದ ಮೇಲೆ ಅದು ಬಾಯಿ ಮುಚ್ಚಿದ್ದು ಯಾಕೆ?

ಉಮ್ಮನಿಗೆ ಇನ್ನೂ ಹೇಳಿಲ್ಲ. ಶುಕೂರ್ ಬಹರೈನಿನಲ್ಲಿದ್ದಾನೆ. ವರ್ಷಕ್ಕೆ ಎರಡು ಕಾಗದ ಬರುತ್ತದೆ, ಉಮ್ಮನ ಹೆಸರಿಗೆ. ನನ್ನ ಮಗಳು ಸುಹರಾ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಜ್ಜಿಗೆ ಓದಿ ಹೇಳುತ್ತಾಳೆ. ನನಗೆ ತೋರಿಸುವುದಿಲ್ಲ. ಉಮ್ಮನ ವಯಸ್ಸು ಎಪ್ಪತ್ತು ಕಳೆಯಿತು. ಅವರ ಎದುರು ಅರ್ಧ ಸುದ್ದಿ ಇಡುವುದಕ್ಕೆ ನಾನು ತಯಾರಿಲ್ಲ.

ಇತಿ,
ಯಾಹ್ಯಾ

⁂

ಸುರತ್ಕಲ್
೭-೨-೧೯೬೩

ಪ್ರಿಯ ಯಾಹ್ಯಾ,

ನಿನ್ನ ಪ್ರಶ್ನೆಗಳನ್ನು ಬಾಲಚಂದ್ರರ ಮುಂದಿಟ್ಟೆ. ಹೆಸರು ಹೇಳಲಿಲ್ಲ, ಕಾರ್ಖಾನೆಯ ನಕ್ಷೆ ಮಾತ್ರ ಬರೆದು ತೋರಿಸಿದೆ. ಮೂರು ಸಂಜೆ ನನ್ನ ಜೊತೆ ಕುಳಿತರು. ಅರ್ಥವಾದಷ್ಟನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ನುಣುಪು ಪೈಪಿನಲ್ಲಿ ಗಾಳಿ ಜಾರಿಹೋಗುತ್ತದೆ. ಸುಕ್ಕು ಪೈಪಿನಲ್ಲಿ ಒಂದೊಂದು ಏಣಿನ ತುದಿಯನ್ನು ದಾಟುವಾಗಲೂ ತಗ್ಗಿನ ಬಾಯಲ್ಲಿ ಪುಟ್ಟ ಸುಳಿ ಏಳುತ್ತದೆ, ನದಿಯಲ್ಲಿ ಕಲ್ಲಿನ ಹಿಂದೆ ಏಳುವ ಹಾಗೆ. ಗಾಳಿ ನಿಧಾನವಾಗಿದ್ದರೆ ಈ ಸುಳಿಗಳಿಗೆ ಒಂದಕ್ಕೊಂದು ತಾಳವಿಲ್ಲ, ಸದ್ದೂ ಇಲ್ಲ. ವೇಗ ಒಂದು ಮಟ್ಟ ಮುಟ್ಟಿದರೆ ಅಷ್ಟೂ ಸುಳಿಗಳು ಪೈಪಿನೊಳಗಿನ ಗಾಳಿಯ ಜೊತೆ ತಾಳ ಕೂಡಿಸಿಕೊಳ್ಳುತ್ತವೆ. ಆಗ ಪೈಪು ಕೊಳಲಾಗುತ್ತದೆ. ವೇಗ ಇನ್ನೂ ಏರಿದರೆ ಸ್ವರ ಮೆಲ್ಲಗೆ ಜಾರಿ ಏರುವುದಲ್ಲ, ಮೆಟ್ಟಿಲು ಹಾರಿದ ಹಾಗೆ ಒಮ್ಮೆಗೇ ಮೇಲಿನದಕ್ಕೆ ಹಾರುತ್ತದೆ. ಅದರಿಂದಲೇ ಅದು ಮನುಷ್ಯನ ಸಿಳ್ಳೆಯ ಹಾಗೆ ಕೇಳಿಸುವುದು.

ಈಗ ನಿನ್ನ ಮೊದಲ ಪ್ರಶ್ನೆ. ನಾವು ಫ್ಯಾನ್ ಪರೀಕ್ಷಿಸಿದ್ದು ಪೈಪು ಕಳಚಿಟ್ಟು. ಫ್ಯಾನಿನ ಬೇರಿಂಗ್ ಕೂಗುತ್ತಿರಬಹುದು ಎಂದು ಶುಕೂರ್ ಹೇಳಿದ್ದರಿಂದ ಮ್ಯಾನೇಜರು ಫ್ಯಾನ್ ಒಂದನ್ನೇ ನಡೆಸಿ ನೋಡಿದರು. ಅದು ಸುಮ್ಮನಿತ್ತು. ಹಾಗಾದರೆ ಇವನು ಸುಳ್ಳು ಹೇಳಿದ ಎಂದು ತೀರ್ಮಾನವಾಯಿತು. ಫ್ಯಾನೊಂದೇ ಕೂಗುವುದಿಲ್ಲ, ಪೈಪೊಂದೇ ಕೂಗುವುದಿಲ್ಲ. ಎರಡು ಕೂಡಿದರೂ ಗಾಳಿ ಸಾಲದಿದ್ದರೆ ಕೂಗುವುದಿಲ್ಲ.

ಎರಡನೆಯದು. ಬೀಜ ಸುಲಿಯುವ ಹಾಲ್‌ನ ಬಾಗಿಲುಗಳೆಲ್ಲ ಮುಚ್ಚಿಯೇ ಇರುತ್ತಿದ್ದವು, ಯಾರೂ ಬೀಜ ಸೆರಗಿಗೆ ಕಟ್ಟಿಕೊಂಡು ಹೋಗಬಾರದೆಂದು. ಹೊಟ್ಟಿನ ಧೂಳೆಳೆಯುವ ಫ್ಯಾನಿಗೆ ಒಳಗಿನ ಗಾಳಿ ಸಾಲುತ್ತಿರಲಿಲ್ಲ. ತೂಕಕ್ಕೆ ಹೋಗುವ ಪಡುಬಾಗಿಲು ತೆರೆದಾಗ ಮಾತ್ರ ಕಡಲ ಗಾಳಿ ಒಳಗೆ ನುಗ್ಗಿ, ಪೈಪಿನಲ್ಲಿ ವೇಗ ಏರುತ್ತಿತ್ತು. ಆ ಬಾಗಿಲ ಪಕ್ಕದಲ್ಲಿ ಕುಳಿತು ಎಲ್ಲರ ಡಬ್ಬಿಗಳನ್ನು ತೂಕಕ್ಕೆ ಒಯ್ಯುತ್ತಿದ್ದವಳು, ಸಿಳ್ಳೆಯ ದೂರು ಹೇಳಿದ ಗಿರಿಜಾ. ಅವಳು ಎದ್ದು ಬಾಗಿಲು ತೆರೆದಾಗಲೆಲ್ಲ ಸಿಳ್ಳೆ. ಪೈಪಿನ ತುದಿ ಇದ್ದದ್ದು ಶುಕೂರನ ಫ್ಯಾನ್ ಕೋಣೆಯ ಗೋಡೆಯಲ್ಲಿ. ಅವಳು ಬೇರೆ ಏನೆಂದು ತಿಳಿಯಬೇಕಿತ್ತು?

ಅವನನ್ನು ತೆಗೆದ ವಾರವೇ, ಇನ್ನು ಹೆಂಗಸರು ಆ ದಾರಿಯಲ್ಲಿ ಹೋಗುವುದು ಬೇಡವೆಂದು ಪಡುಬಾಗಿಲಿಗೆ ಮೊಳೆ ಹೊಡೆದರು. ಸಿಳ್ಳೆ ನಿಂತದ್ದು ಅದಕ್ಕೆ.

ಕಾರ್ಖಾನೆಯಲ್ಲೇ, ಎಲ್ಲರ ಎದುರು ತೋರಿಸಬೇಕೆಂದು ನನ್ನ ಆಸೆ. ನೀನು ಬೇಡವೆಂದರೆ ಮಾಡುವುದಿಲ್ಲ.

ನಿನ್ನ,
ಹೃಷೀಕೇಶ

⁂

ಬಂದರ್
೨೦-೨-೧೯೬೩

ಹೃಷೀಕೇಶ,

ಮೂರು ಸಲ ಓದಿದೆ. ಅರ್ಥವಾಯಿತು.

ನಾನು ಮಾತು ಬಿಟ್ಟದ್ದು ತಮ್ಮನನ್ನು ತೆಗೆದುಹಾಕಿದ ಕೋಪಕ್ಕೆ ಎಂದು ನೀನು ಎಣಿಸಿದ್ದಿ. ಕೋಪವಾಗಿದ್ದರೆ ಬೀದಿಯಲ್ಲೇ ಅಂಗಿ ಹಿಡಿಯುತ್ತಿದ್ದೆ. ನನಗೆ ನಾಚಿಕೆಯಾಗಿತ್ತು. ನಿನ್ನ ಶಿಫಾರಸಿನಿಂದ ಸಿಕ್ಕಿದ ಕೆಲಸದಲ್ಲಿ ನನ್ನ ತಮ್ಮ ಹೀಗೆ ಮಾಡಿದನಲ್ಲ, ಹೃಷಿಗೆ ಹೇಗೆ ಮುಖ ತೋರಿಸುವುದು ಎಂದು. ನಾನು ವರದಿಯನ್ನು ಪೂರ್ತಿ ನಂಬಿದ್ದೆ. ಮ್ಯಾನೇಜರು ಬಾಯಲ್ಲಿ ಹೇಳಿದ್ದರೆ ಜಗಳಕ್ಕೆ ಹೋಗುತ್ತಿದ್ದೆನೋ ಏನೋ. ನಿನ್ನ ಅಕ್ಷರ ನೋಡಿದ ಮೇಲೆ ಕೇಳಲಿಕ್ಕೆ ಎಂತ ಉಳಿಯಿತು?

ಆ ದಿನ ಶುಕೂರ್ ಮನೆಗೆ ಬಂದು, "ಅಣ್ಣಾ, ನಾನಲ್ಲ" ಅಂದ. ಹೊಡೆದೆ. ಉಮ್ಮ ನೋಡುತ್ತಿದ್ದರು. ಅವನಿಗಾಗ ಇಪ್ಪತ್ತೆರಡು. ನನಗಿಂತ ಎತ್ತರ ಬೆಳೆದಿದ್ದ, ತಿರುಗಿ ಒಂದು ಕೊಟ್ಟಿದ್ದರೆ ನಾನು ಗೋಡೆಗೆ ಬೀಳುತ್ತಿದ್ದೆ. ಅವನು ಕೈ ಎತ್ತಲಿಲ್ಲ. "ಇನ್ನೊಂದು ಸಲ ಕೇಳಣ್ಣಾ" ಅಂದ. ನಾನು ಕೇಳಲಿಲ್ಲ. ನಾಲ್ಕನೇ ದಿನ ಬೊಂಬಾಯಿ ಸ್ಟೀಮರಿಗೆ ನಾನೇ ಹತ್ತಿಸಿದೆ.

ಇದನ್ನು ಯಾರ ಹತ್ತಿರವೂ ಹೇಳಿಲ್ಲ. ಉಪವಾಸದ ಬಾಯಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಉಮ್ಮನಿಗೆ ಹೇಳಿದೆ. ಅವರು ಅಳಲಿಲ್ಲ. "ಆ ಪೈಪಿನ ಕೂಗನ್ನು ನಾನು ಕೇಳಬೇಕು" ಅಂದರು. ಉಪವಾಸ ಕಳೆದು ಪೆರ್ನಾಲ್ ಹಬ್ಬ ಮುಗಿಯಲಿ, ನೀನು ವ್ಯವಸ್ಥೆ ಮಾಡು. ನಾನು ಬರುವುದಿಲ್ಲ. ಪೈಪು ಮಾರಿದವನೂ ನಾನೇ, ತಮ್ಮನ ಪರ ನಿಲ್ಲುವವನೂ ನಾನೇ ಆದರೆ ಜನ ಒಂದಕ್ಕೆ ಹತ್ತು ಹೇಳುತ್ತಾರೆ. ಉಮ್ಮನನ್ನು ರಿಕ್ಷಾದಲ್ಲಿ ಕಳುಹಿಸುತ್ತೇನೆ. ನೀನು ನೋಡಿಕೊಳ್ಳಬೇಕು.

ಯಾಹ್ಯಾ

⁂

ಸುರತ್ಕಲ್
೧೮-೩-೧೯೬೩

ಪ್ರಿಯ ಯಾಹ್ಯಾ,

ಉಮ್ಮ ಮನೆಯಲ್ಲಿ ಹೇಳಿರಬಹುದು. ಆದರೂ ನಾನು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು.

ಮೊದಲು ಗಿರಿಜಾಳನ್ನು ಹುಡುಕಿದೆ. ಬೊಕ್ಕಪಟ್ಣದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಜಗಲಿಯಲ್ಲಿ ಕುಳಿತು ಬೀಡಿ ಎಲೆ ಕತ್ತರಿಸುತ್ತಿದ್ದಳು. ಆ ಗಲಾಟೆಯ ಮೇಲೆ ಅಣ್ಣ ಅವಳನ್ನು ಕಾರ್ಖಾನೆ ಬಿಡಿಸಿದನಂತೆ. ಗೊತ್ತಾಗಿದ್ದ ಮದುವೆಯೂ ನಿಂತಿತು, 'ಸಿಳ್ಳೆ ಹಾಕಿಸಿಕೊಂಡವಳು' ಎಂದು. ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿರಲಿಲ್ಲ ಎನ್ನುವುದು ಸರಿ.

ನಾನು ಬಂದ ಕಾರಣ ಹೇಳಿದೆ. ಅವಳು ಕತ್ತರಿ ಕೆಳಗಿಡಲಿಲ್ಲ.

"ಸಿಳ್ಳೆ ಕೇಳ್ತದೆ ಅಂತ ಮಾತ್ರ ನಾನು ಹೇಳಿದ್ದು," ಅಂದಳು. "ಅವರ ಹೆಸರು ನನ್ನ ಬಾಯಲ್ಲಿ ಬರ್ಲಿಲ್ಲ. ಯಾರು ಅಂತ ಮ್ಯಾನೇಜರು ಕೇಳಿದಾಗ ಗೊತ್ತಿಲ್ಲ ಅಂದೆ. ಹೆಸರು ಬರೆದದ್ದು ನೀವು."

"ಬಂದು ನೋಡ್ತೀಯಾ?" ಎಂದು ಕೇಳಿದೆ.

"ನೋಡ್ಲಿಕ್ಕೆ ಯಾಕೆ? ಆ ಬಾಗಿಲು ನಾನೇ ತೆಗೀತೇನೆ."

ಕಾರ್ಖಾನೆಯಲ್ಲಿ ಆಗಿನ ಮ್ಯಾನೇಜರೇ ಈಗಲೂ ಇದ್ದಾರೆ. "ಆರು ವರ್ಷದ ಹಿಂದೆ ಹೂತದ್ದನ್ನು ಈಗ ಯಾಕೆ ತೆಗೀತೀರಿ ಮಾರಾಯರೆ?" ಎಂದು ಸಿಡುಕಿದರು. ಮುದುಕರಾದ ಧಣಿಗಳು ಕೇಳಿಸಿಕೊಂಡು, "ಒಂದು ಬಾಗಿಲು ತೆಗೆಯುವುದಕ್ಕೆ ಎಂತ ಹೆದರಿಕೆ? ತೆಗೆದು ನೋಡಿ" ಅಂದರು. ಹಾಗೆ ಮೊನ್ನೆ ಶನಿವಾರ ಮಧ್ಯಾಹ್ನ, ಕಡಲ ಗಾಳಿ ಏಳುವ ಹೊತ್ತಿಗೆ, ಎಲ್ಲರೂ ಸೇರಿದೆವು. ಬಾಲಚಂದ್ರರೂ ಬಂದಿದ್ದರು. ಬಡಗಿ ಜೊಕಿಮ್ ಮೊಳೆ ಕೀಳಲು ಕುಳಿತರು. ಹದಿನೊಂದು ಮೊಳೆ, ತುಕ್ಕು ಹಿಡಿದು ಮರಕ್ಕೆ ಕಚ್ಚಿಕೊಂಡಿದ್ದವು. ಇನ್ನೂರು ಹೆಂಗಸರು ಕೈಯ ಚಾಕು ನಿಲ್ಲಿಸಿ ನೋಡುತ್ತಿದ್ದರು. ಆರು ವರ್ಷದ ಹಿಂದಿನವರು ಅರ್ಧದಷ್ಟಾದರೂ ಇದ್ದರು. ಉಮ್ಮನಿಗೆ ಕುರ್ಚಿ ಹಾಕಿಸಿದ್ದೆ. ಕುಳಿತುಕೊಳ್ಳಲಿಲ್ಲ, ತಲೆಯ ಬಟ್ಟೆ ಬಿಗಿಮಾಡಿಕೊಂಡು ಪೈಪಿನ ಕೆಳಗೆ ಹೋಗಿ ನಿಂತರು.

ಬಾಗಿಲು ಮುಚ್ಚಿದ್ದಂತೆಯೇ ಫ್ಯಾನ್ ಹಾಕಿದರು. ಬರೀ ಗುಯ್‌ಗುಟ್ಟುವಿಕೆ. ಮ್ಯಾನೇಜರು ನನ್ನ ಮುಖ ನೋಡಿ ನಕ್ಕರು. ಗಿರಿಜಾ ಖಾಲಿ ಡಬ್ಬಿಯೊಂದನ್ನು ಸೊಂಟಕ್ಕೆ ಇರಿಸಿಕೊಂಡಳು, ಅದು ಬೇಕೆಂದು ಯಾರೂ ಹೇಳಿರಲಿಲ್ಲ. ನಡೆದು ಹೋಗಿ ಬಾಗಿಲು ನೂಕಿದಳು.

ಸಿಳ್ಳೆ ಬಂತು. ಅದೇ ಎರಡು ಸ್ವರ. ಫ್ಯಾನ್ ಕೋಣೆಯಲ್ಲಿ ಯಾರೂ ಇರಲಿಲ್ಲ; ಫ್ಯಾನ್ ಹಾಕಿದ ಕೂಡಲೇ ಕೋಣೆಗೆ ಹೊರಗಿನಿಂದ ಬೀಗ ಹಾಕಿಸಿ ಬೀಗದ ಕೈಯನ್ನು ಧಣಿಗಳಲ್ಲೇ ಕೊಟ್ಟಿದ್ದೆ.

ಉಮ್ಮ ಕೈ ಎತ್ತಿ, "ಇನ್ನೊಮ್ಮೆ" ಅಂದರು. ಗಿರಿಜಾ ಬಾಗಿಲು ಮುಚ್ಚಿ ಮತ್ತೆ ತೆರೆದಳು. "ಇನ್ನೊಮ್ಮೆ." ಐದು ಸಲ ತೆರೆಸಿದರು. ಕೊನೆಗೆ ಪೈಪಿನ ಮೇಲೆ ಅಂಗೈ ಇಟ್ಟು, ಅದು ನಡುಗುವುದನ್ನು ಮುಟ್ಟಿ ನೋಡಿ, ಕೈಯನ್ನು ಹಾಗೆಯೇ ಇಟ್ಟುಕೊಂಡು ನಿಂತರು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಉಮ್ಮ ಅಲ್ಲ, ಗಿರಿಜಾಳೂ ಅಲ್ಲ.

ಶುಕೂರ್ ನಿರ್ದೋಷಿ ಎಂದು ಧಣಿಗಳು ಅಲ್ಲೇ ಬರೆಸಿ ಸಹಿ ಹಾಕಿದರು. ನಾನು ಗಟ್ಟಿಯಾಗಿ ಓದಿದೆ. ಗಿರಿಜಾ ತಡೆದಳು. "ಅವರು ಸಿಳ್ಳೆ ಹಾಕ್ಲಿಲ್ಲ ಅಂತ ಬರೆದ್ರಿ, ಸರಿ. ನಾನು ಸುಳ್ಳು ಹೇಳ್ಲಿಲ್ಲ ಅಂತ ಎಲ್ಲಿ ಉಂಟು?" ಧಣಿಗಳು ಕಾಗದ ತಿರುಗಿ ಪಡೆದು ಅದನ್ನೂ ಸೇರಿಸಿದರು. ಎರಡು ಪ್ರತಿ. ಒಂದು ಅವಳಲ್ಲಿ, ಇನ್ನೊಂದು ಇದರ ಜೊತೆ ಇದೆ. ಪೈಪು ತೆಗೆದು ನುಣುಪು ತಗಡಿನದು ಹಾಕಿಸುತ್ತಾರಂತೆ.

ನಿನ್ನ,
ಹೃಷಿ

⁂

ಬಂದರ್
೨೪-೩-೧೯೬೩

ಹೃಷಿ,

ಧಣಿಗಳ ಕಾಗದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದೇನೆ. ಒಂದು ಮೊಳ ಹಗ್ಗ ತೆಗೆದುಕೊಳ್ಳಲು ಬಂದವರೂ ಓದಿಕೊಂಡೇ ಹೋಗಬೇಕು. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತೇನೆ. ಬೇರೆಯವನಾಗಿದ್ದರೆ ಪ್ರಯೋಗಶಾಲೆಯಲ್ಲಿ ಕೇಳಿದ್ದನ್ನು ಅಲ್ಲಿಯೇ ನುಂಗಿ ಸುಮ್ಮನಿರುತ್ತಿದ್ದ. ನಿನ್ನ ಕಣ್ಣಿಗೆ ಆಗ ಕಾಣಲಿಲ್ಲ, ಈಗ ಕಂಡಿತು, ಕಂಡ ಕೂಡಲೇ ಬಂದೆ. ಇದಕ್ಕಿಂತ ಹೆಚ್ಚು ಯಾರೂ ಮಾಡಲಾರರು.

ಉಮ್ಮ ಅಲ್ಲಿಂದ ಬಂದವರು ಕೈಕಾಲು ತೊಳೆದು ನಮಾಜು ಮುಗಿಸಿ ನನ್ನನ್ನು ಕರೆದರು. "ಪೈಪಿಗೆ ಬಾಯಿ ಬಂತು. ನಿನಗೆ ಯಾವಾಗ?" ಅಂದರು.

ಶುಕೂರನಿಗೆ ಬರೆದೆ. ಪೈಪಿನ ವಿಷಯ ಒಂದೂ ಬಿಡದೆ ಬರೆದಿದ್ದೇನೆ. ಉಳಿದದ್ದನ್ನು ಅವನು ಬಂದಾಗ ಮುಖತಃ ಹೇಳಿದರಾಯಿತು.

ಒಂದು ದಿನ ಮನೆಗೆ ಬಾ. ನಿನಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿಸುತ್ತೇನೆಂದು ಉಮ್ಮ ಹೇಳಿದ್ದಾರೆ. ನೀನು ಹಿಂದೆ ಯಾವ ಪಾತ್ರೆಯಲ್ಲಿ ತಿಂದಿದ್ದಿ ಎಂದು ನನಗೂ ನಿನಗೂ ಮಾತ್ರ ಗೊತ್ತು.

ನಿನ್ನ,
ಯಾಹ್ಯಾ

⁂

ಸುರತ್ಕಲ್
೩೦-೩-೧೯೬೩

ಯಾಹ್ಯಾ,

ನಾನು ಊಟಕ್ಕೆ ಬರಲಾರೆ. ಇದನ್ನು ಓದಿದ ಮೇಲೂ ಕರೆದರೆ ಬರುತ್ತೇನೆ.

'ನಿನ್ನ ಕಣ್ಣಿಗೆ ಆಗ ಕಾಣಲಿಲ್ಲ' ಎಂದು ಬರೆದಿದ್ದಿ. ಆ ವಾಕ್ಯ ಓದಿದಂದಿನಿಂದ ನನಗೆ ಅನ್ನ ಸೇರುವುದಿಲ್ಲ. ನೀರಜಾಕ್ಷಿ ಎರಡು ದಿನ ನೋಡಿ, "ಎಂತ ಉಂಟು ಹೇಳಿ" ಅಂದಳು. ಹೇಳಿದೆ. ಹೆಂಡತಿ ಸಮಾಧಾನ ಹೇಳಿಯಾಳೆಂದುಕೊಂಡೆ. "ನನಗೆ ಹೇಳಿ ಎಂತ ಪ್ರಯೋಜನ?" ಅಂದಳು.

೧೯೫೭ರ ಮಾರ್ಚ್ ಹದಿನೈದು, ಶುಕ್ರವಾರ. ವಿಚಾರಣೆಗೆ ನಾಲ್ಕು ದಿನ ಮೊದಲು. ಮಧ್ಯಾಹ್ನ ನಾನು ತೂಕದ ಪುಸ್ತಕ ತರಲು ಹಾಲ್‌ಗೆ ಹೋಗಿದ್ದೆ. ಶುಕೂರ್ ಫ್ಯಾನ್ ನಡೆಯುತ್ತಿರುವಂತೆಯೇ ಬಿಟ್ಟು ಜುಮ್ಮಾ ನಮಾಜಿಗೆ ಹೋಗಿದ್ದ. ಹೋಗುವಾಗ ನನ್ನಲ್ಲಿ ಹೇಳಿಯೇ ಹೋಗಿದ್ದ. ಹೆಂಗಸರು ಊಟಕ್ಕೆದ್ದಿದ್ದರು. ನಾನು ಪಡುಬಾಗಿಲು ತೆರೆದೆ. ಸಿಳ್ಳೆ ಕೇಳಿತು.

ನಾನೊಬ್ಬನೇ ಇದ್ದೆ. ತಲೆ ಎತ್ತಿ ನೋಡಿದೆ. ಫ್ಯಾನ್ ಕೋಣೆ ಖಾಲಿ ಎಂದು ನನಗೆ ಗೊತ್ತಿತ್ತು. ಪೈಪೆಂದು ತಿಳಿಯಲಿಲ್ಲ, ಅದು ನಿಜ. ಶುಕೂರನಲ್ಲ ಎಂಬುದಂತೂ ತಿಳಿಯಿತು. ಹೊರಗೆ ಯಾರೋ ದಾರಿಹೋಕ ಹಾಕಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ವಿಚಾರಣೆಯ ದಿನ ಮ್ಯಾನೇಜರು ಹೇಳಿದರು, ನಾನು ಬರೆದೆ. ಈ ಒಂದು ಸಂಗತಿ ಹೇಳಿದ್ದರೆ ವರದಿ ಅಲ್ಲಿಗೇ ನಿಲ್ಲುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಆರು ವರ್ಷ ಕೇಳಿಕೊಂಡಿದ್ದೇನೆ. ಯಾರೂ ಬೆದರಿಸಿರಲಿಲ್ಲ. ಎಲ್ಲರೂ ಒಂದು ಕಡೆ ಮುಖ ಮಾಡಿ ಕುಳಿತಿದ್ದರು, ಬೇಗ ಮುಗಿದರೆ ಸಾಕೆಂದಿತ್ತು. ನಡುವೆ ಎದ್ದು ನಿಲ್ಲುವುದಕ್ಕೆ ಧೈರ್ಯ ಬರಲಿಲ್ಲ. ಅಷ್ಟೇ ಕಾರಣ, ಇದಕ್ಕಿಂತ ದೊಡ್ಡದು ಹುಡುಕಿದರೂ ಸಿಗಲಿಲ್ಲ.

ಪ್ರಯೋಗಶಾಲೆಯಲ್ಲಿ ನನ್ನ ಕೈಯಿಂದ ಗಾಜು ಬಿದ್ದದ್ದು ಹೊಸತೇನೋ ತಿಳಿಯಿತೆಂದಲ್ಲ. ನೀನು ನಂಬಿದ ಅಕ್ಷರದವನು ಇವನು, ತಿಳಿದಿರಲಿ.

ಹೃಷೀಕೇಶ

⁂

ಮನಾಮ, ಬಹರೈನ್
೯-೮-೧೯೬೩

ಹೃಷೀಕೇಶಣ್ಣನಿಗೆ,

ಶುಕೂರನ ಸಲಾಂ. ನನ್ನ ಕನ್ನಡ ತುಕ್ಕು ಹಿಡಿದಿದೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಅಣ್ಣ ನಾಲ್ಕು ಪುಟ ಬರೆದಿದ್ದಾನೆ. ನಾಲ್ಕೂ ಪೈಪಿನ ಬಗ್ಗೆ. ಆಮೇಲೆ ನೀವು ಅವನಿಗೆ ಬರೆದ ಶುಕ್ರವಾರದ ಕಾಗದವನ್ನು ಒಂದು ಮಾತೂ ಸೇರಿಸದೆ ಲಕೋಟೆಯಲ್ಲಿಟ್ಟು ಕಳುಹಿಸಿದ್ದಾನೆ. ಅವನ ಕಾಗದಕ್ಕೆ ಉತ್ತರ ಬರೆಯಲು ಆಗಲಿಲ್ಲ. ನಿಮ್ಮದಕ್ಕೆ ಬರೆಯುತ್ತಿದ್ದೇನೆ.

ನಾನಿಲ್ಲಿ ಹಡಗು ರಿಪೇರಿಯ ಯಾರ್ಡಿನಲ್ಲಿ ಪೈಪ್ ಫಿಟ್ಟರ್. ಸುಕ್ಕು ಪೈಪುಗಳನ್ನು ದಿನಾ ಕಟ್ಟುತ್ತೇವೆ, ಬಿಚ್ಚುತ್ತೇವೆ. ಬಂದ ಎರಡನೇ ವರ್ಷ ಒಂದು ಪೈಪಿಗೆ ಗಾಳಿ ಬಿಟ್ಟಾಗ ಅದೇ ಸಿಳ್ಳೆ ಬಂತು. ಗೋವಾದ ಮೇಸ್ತ್ರಿ ಯೂಸ್ಟೇಸ್ ನಗುತ್ತಾ, "ಇದು ಹಾಡುವ ಜಾತಿ" ಅಂದರು. ನಾನು ಶೌಚದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹಾಗಾಗಿ ಪೈಪೆಂದು ನನಗೆ ನಾಲ್ಕು ವರ್ಷದಿಂದ ಗೊತ್ತು. ಯಾರಿಗೆ ಬರೆಯಲಿ? ನಾನು ಹೇಳಿದರೆ ಕಳ್ಳ ಕಂಡುಕೊಂಡ ನೆಪ ಅನ್ನುತ್ತಿದ್ದರು. ಬರೆದವರೇ ಬಂದು ಹೇಳಬೇಕಿತ್ತು.

ಇನ್ನೊಂದು ಗೊತ್ತಿತ್ತು. ಆ ಶುಕ್ರವಾರ ನಮಾಜು ಮುಗಿಸಿ ಬೇಗ ಬಂದಿದ್ದೆ. ನೀವು ಪಡುಬಾಗಿಲಲ್ಲಿ ಮೇಲೆ ನೋಡುತ್ತಾ ನಿಂತದ್ದನ್ನು ಅಂಗಳದಿಂದ ಕಂಡೆ. ಸಿಳ್ಳೆಯನ್ನೂ ಕೇಳಿದೆ. ಅಬ್ಬ, ಇನ್ನು ಹೆದರಿಕೆಯಿಲ್ಲ, ಹೃಷೀಕೇಶಣ್ಣನಿಗೆ ಗೊತ್ತಾಯಿತು ಎಂದುಕೊಂಡೆ. ಆ ಧೈರ್ಯದಲ್ಲೇ ವಿಚಾರಣೆಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ನಿಮ್ಮನ್ನೇ ನೋಡುತ್ತಿದ್ದೆ. ನೀವು ಬರೆದ ಶಾಯಿಯ ಮೇಲೆ ಒರಸುಕಾಗದ ಒತ್ತುತ್ತಿದ್ದಿರಿ, ತಲೆ ಎತ್ತಲಿಲ್ಲ.

ಇಷ್ಟು ವರ್ಷ ನನ್ನನ್ನು ಸುಟ್ಟದ್ದು ಅದು. ಅಣ್ಣನ ಏಟಿನ ಊತ ಎರಡು ದಿನಕ್ಕೆ ಇಳಿಯಿತು.

ಕ್ಷಮೆ ಎಂಬ ಮಾತನ್ನು ಇಲ್ಲಿಂದ ಅಂಚೆಗೆ ಹಾಕಲು ನನಗೆ ಬರುವುದಿಲ್ಲ. ಆದರೆ ನೀವು ಬರೆಯದಿದ್ದರೆ ಆ ಶುಕ್ರವಾರ ನನ್ನೊಬ್ಬನದೇ ಆಗಿ ಉಳಿಯುತ್ತಿತ್ತು. ಮುಂದಿನ ಪೆರ್ನಾಲಿಗೆ ಊರಿಗೆ ಬರುತ್ತೇನೆ. ಉಮ್ಮನಿಗೆ ಮಾತ್ರ ಹೇಳಿ, ನೀವೇ ಹೋಗಿ ಹೇಳಿ. ಅಣ್ಣನಿಗೆ ಬೇಡ.

ಗಿರಿಜಕ್ಕನ ಮದುವೆ ನಿಂತದ್ದು ನನಗೆ ಗೊತ್ತಿರಲಿಲ್ಲ. ಅವರಿಗೆ ನನ್ನ ಸಲಾಂ ತಿಳಿಸಿ.

ಶುಕೂರ್

⁂

ಬಂದರ್
೨೫-೨-೧೯೬೪

ಹೃಷೀಕೇಶ,

ನಿನ್ನ ಮಾರ್ಚಿನ ಕಾಗದಕ್ಕೆ ಇದು ಉತ್ತರ. ಹನ್ನೊಂದು ತಿಂಗಳು ತಡ.

ನಾನಿಲ್ಲದ ಹೊತ್ತು ನೋಡಿ ನೀನು ಮನೆಗೆ ಬಂದು ಉಮ್ಮನ ಹತ್ತಿರ ಏನೋ ಹೇಳಿ ಹೋದದ್ದು ಸುಹರಾ ಹೇಳಿ ಗೊತ್ತಾಗಿತ್ತು. ಏನೆಂದು ಉಮ್ಮ ಬಾಯಿ ಬಿಡಲಿಲ್ಲ. ಪೆರ್ನಾಲಿನ ಹಿಂದಿನ ದಿನ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಗಡ್ಡ ಬಿಟ್ಟ ಒಬ್ಬ ಆಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾನು ಹಗ್ಗ ಅಳೆಯುತ್ತಾ ತಲೆ ಎತ್ತದೆ, "ಎಂತ ಬೇಕು?" ಅಂದೆ.

"ಒಂದು ಮಾತು ಬೇಕಿತ್ತು" ಅಂದ.

ಸ್ವರ ಕೇಳಿ ಗುರುತಾಯಿತು. ನಮ್ಮಲ್ಲಿ ಅಣ್ಣನಾದವನು ತಮ್ಮನೆದುರು ತಲೆ ತಗ್ಗಿಸುವ ಕ್ರಮವಿಲ್ಲ. ನಾಲ್ಕು ಜನ ಗಿರಾಕಿಗಳಿದ್ದರು. ಅವರ ಎದುರೇ, "ನೀನು ಎರಡನೇ ಸಲ ಕೇಳು ಅಂದಿ, ನಾನು ಕೇಳಲಿಲ್ಲ. ನಾನು ತಪ್ಪು ಮಾಡಿದೆ ಶುಕೂರೇ" ಅಂದೆ. ಅವನು ಚೀಲವನ್ನು ಮೆಲ್ಲ ಕೆಳಗಿಟ್ಟ. ಆಮೇಲೆ ನಡೆದದ್ದು ಬರೆಯುವಂಥದ್ದಲ್ಲ. ಗಿರಾಕಿಗಳು ತಾವೇ ಹಗ್ಗ ಕತ್ತರಿಸಿಕೊಂಡು ಹೋದರು.

ಈಗ ನಿನ್ನ ವಿಷಯ. ನನ್ನ ಕೋಪ ಹೋಗಿಲ್ಲ. ಹೋಯಿತೆಂದು ಬರೆದರೆ ಅದೂ ಒಂದು ಸುಳ್ಳು ವರದಿ. ಕೆಲವು ದಿನ ನೀನು ಹೇಳದೆ ಇದ್ದದ್ದಕ್ಕೆ ಕೋಪ, ಕೆಲವು ದಿನ ಕೊನೆಗೆ ಹೇಳಿಬಿಟ್ಟದ್ದಕ್ಕೆ. ಹೇಳದಿದ್ದರೆ ನಾನು ನೆಮ್ಮದಿಯಲ್ಲಿ ನಿನ್ನನ್ನು ಊಟಕ್ಕೆ ಕರೆಯುತ್ತಿದ್ದೆನಲ್ಲ. ಇದನ್ನು ಶುಕೂರನಿಗೆ ಹೇಳಿದೆ. "ನಿನಗೆ ನಾನು ಏಳು ದಿನದಲ್ಲಿ ಸಿಕ್ಕಿದೆನಾ? ಏಳು ವರ್ಷ ಬೇಕಾಯಿತು. ನೀನೂ ನಿಧಾನ ಮಾಡು" ಅಂದ.

ಅವನು ಮೊನ್ನೆ ಬೊಕ್ಕಪಟ್ಣಕ್ಕೆ ಹೋಗಿ ಗಿರಿಜಾಳ ಅಣ್ಣನನ್ನು ಕಂಡು ಬಂದ. ಅವಳು ಈಗ ಮಹಿಳೆಯರ ಹೊಲಿಗೆ ಶಾಲೆಯಲ್ಲಿ ಕಲಿಸುತ್ತಿದ್ದಾಳಂತೆ. ಇಬ್ಬರೂ ಜಗಲಿಯಲ್ಲಿ ಕುಳಿತು ಚಾ ಕುಡಿದರಂತೆ. ಹಿಂದೆ ಒಂದೇ ಕಡೆ ದುಡಿಯುತ್ತಿದ್ದಾಗಲೂ ಅವರು ಒಮ್ಮೆಯೂ ಮಾತಾಡಿರಲಿಲ್ಲ.

ಅವನ ಹಡಗು ಮಾರ್ಚ್ ಹತ್ತಕ್ಕೆ. ಹೋಗುವ ಮೊದಲು ನಿನ್ನನ್ನು ನೋಡಬೇಕಂತೆ. ಬರುವ ಭಾನುವಾರ ಮಧ್ಯಾಹ್ನಕ್ಕೆ ಮನೆಗೆ ಬಾ, ನೀರಜಾಕ್ಷಿಯನ್ನೂ ಕರೆದುಕೊಂಡು ಬಾ. ಉಮ್ಮ, ಶುಕೂರ್, ಸುಹರಾ ಇರುತ್ತಾರೆ. ನಿನ್ನ ಎದುರು ಕೂರಲು ನನಗೆ ಇನ್ನೂ ಕಷ್ಟವಾದ್ದರಿಂದ, ಸರಕು ನೋಡುವ ನೆಪದಲ್ಲಿ ಆ ದಿನ ಕಾಸರಗೋಡಿಗೆ ಹೋಗುವುದೆಂದು ಇದ್ದೆ.

ಸೋಮವಾರ ಹೋಗುತ್ತೇನೆ.

ಯಾಹ್ಯಾ